ನೌಕರಿ ಬಿಡೂದು ತಪ್ಪಲ್ಲ, ಲೆಕ್ಕಾ ಹಾಕದ ಬಿಡೂದು ತಪ್ಪು

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಕಡೆಯಿಂದ ನಸುಕಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ದುಡಿಯಲು ಹೊರಡುವವರು ಬಹಳ. ಕೆಲವರು ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳಕ್ಕೆ. ಕೆಲವರು ಧಾರವಾಡದಾಚೆಯ ಬೇಲೂರು, ಮುಮ್ಮಿಗಟ್ಟಿಯ ಕಾರ್ಖಾನೆಗಳಿಗೆ. ಉಳಿದವರು ಅರಿವೆ ಅಂಗಡಿ, ಆಸ್ಪತ್ರೆ, ಹೋಟೆಲುಗಳಿಗೆ. ಇವರಲ್ಲೊಬ್ಬರು ಒಂದು ದಿನ ಬಸ್ಸು ಹತ್ತದೆ ಮನೆಯಲ್ಲಿ ಉಳಿದರೆ ಸಾಕು, ಊರ ಕಟ್ಟೆಯಲ್ಲಿ ಒಂದು ತೀರ್ಪು, ಕಂಪನಿಯ ಆಫೀಸಿನಲ್ಲಿ ಇನ್ನೊಂದು ತೀರ್ಪು ಸಿದ್ಧವಾಗುತ್ತದೆ. ಹಾಗೆ ಮತ್ತೆ ಮತ್ತೆ ಕೇಳಿಬರುವ ಏಳು ಮಾತುಗಳನ್ನು ಇಲ್ಲಿ ಒರೆಗೆ ಹಚ್ಚಲಾಗಿದೆ.

ನಂಬಿಕೆ 1: "ಹಳ್ಳಿ ಹುಡುಗೂರು ಕೆಲಸದಾಗ ನಿಲ್ಲೂದಿಲ್ಲ. ಮಳಿ ಬಿತ್ತಂದ್ರ ಹೊಲಕ್ಕ, ಪಂಚಮಿ ಬಂತಂದ್ರ ಊರಿಗೆ."

ಸತ್ಯ: ಈ ದೂರು ಹೊಸದಲ್ಲ. ಬ್ರಿಟಿಷರ ಕಾಲದ ಮುಂಬಯಿ ಗಿರಣಿ ಮಾಲೀಕರೂ ಇದನ್ನೇ ಹೇಳುತ್ತಿದ್ದರು. ಭಾರತದ ಕಾರ್ಮಿಕರ ಸ್ಥಿತಿಗತಿ ಪರಿಶೀಲಿಸಿ 1931ರಲ್ಲಿ ವರದಿ ಕೊಟ್ಟ ವಿಟ್ಲಿ ಆಯೋಗ, ಕಾರ್ಮಿಕನಿಗೆ ಊರಿನ ನಂಟು ಇರುವುದು ಒಳ್ಳೆಯದೇ, ಅದನ್ನು ಕಡಿಯುವ ಬದಲು ಒಂದು ಕ್ರಮಕ್ಕೆ ತರಬೇಕು ಎಂದಿತು. ಮುಂದೆ 1965ರಲ್ಲಿ ಮುಂಬಯಿ ಗಿರಣಿಗಳ ಇತಿಹಾಸ ಬರೆದ ಮಾರಿಸ್ ಡೇವಿಡ್ ಮಾರಿಸ್, ಕೆಲಸಗಾರರು ನಿಲ್ಲದೇ ಹೋದದ್ದಕ್ಕೆ ಹಳ್ಳಿಯ ಮನಸ್ಸಿಗಿಂತ ಗಿರಣಿಗಳು ಜನರನ್ನು ನೇಮಿಸಿಕೊಂಡು ನಡೆಸಿಕೊಳ್ಳುತ್ತಿದ್ದ ರೀತಿಯೇ ಹೆಚ್ಚು ಕಾರಣ ಎಂದು ವಾದಿಸಿದರು. ದಿನಗೂಲಿಯ ಬದಲಿ ಆಳಾಗಿ, ಮುಕಾದಮನ ಮರ್ಜಿಯಲ್ಲಿ ಇರುವವನಿಗೆ ನಿಲ್ಲಲು ಕಾರಣವಾದರೂ ಏನಿತ್ತು?

ಹೊಲದ ಗೊಡವೆಯೇ ಇಲ್ಲದ ಕಡೆಯೂ ಹೀಗೇ ಆಗಿದೆ. ಅಮೆರಿಕದ ಫೋರ್ಡ್ ಕಾರ್ಖಾನೆ 1913ರಲ್ಲಿ ಸುಮಾರು 14,000 ಮಂದಿಯನ್ನು ಕೆಲಸದಲ್ಲಿ ಇಟ್ಟುಕೊಳ್ಳಲು ವರ್ಷವಿಡೀ 52,000ಕ್ಕೂ ಹೆಚ್ಚು ಜನರನ್ನು ನೇಮಿಸಬೇಕಾಯಿತು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಗಳಿಕೆ, 8 ತಾಸಿನ ದುಡಿಮೆ ಎಂದು ಘೋಷಿಸಿದ ಮೇಲೆ ಬಿಟ್ಟು ಹೋಗುವವರ ಸಂಖ್ಯೆ ಪಾತಾಳಕ್ಕಿಳಿಯಿತು. ಬದಲಾದದ್ದು ಕೆಲಸದ ಕರಾರು. ಜನ ಅವರೇ.

ನಮ್ಮಲ್ಲಿ ನೋಡಿ. ಆಗಸ್ಟಿನಲ್ಲಿ ಹೆಸರು ಒಕ್ಕಣೆ, ಹಿಂಗಾರಿಯ ಬಿತ್ತನೆ, ಆಮೇಲೆ ಮೆಣಸಿನಕಾಯಿ ಬಿಡಿಸುವುದು, ಕಡಲೆ ಕೀಳುವುದು. ಈ ಹಂಗಾಮುಗಳು ಯಾರನ್ನೂ ಕೇಳಿ ಬರುವುದಿಲ್ಲ. ಕಾಂಟ್ರ್ಯಾಕ್ಟರ್ ಕೈಕೆಳಗೆ ರಜೆ ಇಲ್ಲದೆ, ಪಗಾರ ಏರದೆ, ಕಾಯಂ ಆಗುವ ಭರವಸೆ ಇಲ್ಲದೆ ದುಡಿಯುವವನು ಆ ಹದಿನೈದು ದಿನಕ್ಕೆ ಊರಿಗೆ ಹೋದರೆ ಕಳೆದುಕೊಳ್ಳುವುದು ಏನೂ ಇಲ್ಲ. ತಿರುಗಿ ಬಂದರೆ ಅದೇ ಕೂಲಿ. ಹಂಗಾಮಿಗೆ ಪಾಳಿ ಪ್ರಕಾರ ರಜೆ ಕೊಟ್ಟು, ಉಳಿದವರಿಗೆ ಸೇವಾವಧಿ ನೋಡಿ ಪಗಾರ ಏರಿಸಿದರೆ ಅದೇ ಹುಡುಗನಿಗೆ ನಿಲ್ಲಲು ಒಂದು ಕಾರಣ ಸಿಗುತ್ತದೆ.

ನಂಬಿಕೆ 2: "ಪಗಾರ ಕಡಿಮಿ ಆತು ಅಂತ ಬಿಡ್ತಾರ, ಬ್ಯಾರೆ ಏನಿಲ್ಲ."

ಸತ್ಯ: ಪಗಾರ ಮುಖ್ಯ ಹೌದು, ಅದೊಂದೇ ಕಾರಣವಲ್ಲ. ಥಾಮಸ್ ಲೀ ಮತ್ತು ಟೆರೆನ್ಸ್ ಮಿಚೆಲ್ ಎಂಬ ಸಂಶೋಧಕರು 1994ರಲ್ಲಿ ಒಂದು ವಿಷಯವನ್ನು ಎತ್ತಿ ತೋರಿಸಿದರು: ಅಸಮಾಧಾನ ದಿನೇ ದಿನೇ ಬಲಿತು ಕೆಲಸ ಬಿಡುವವರು ಇರುವಂತೆಯೇ, ಒಮ್ಮೆಲೇ ಬಿದ್ದ ಪೆಟ್ಟಿನಿಂದ ಬಿಡುವವರೂ ಇದ್ದಾರೆ. ಅಪ್ಪನಿಗೆ ಲಕ್ವಾ ಹೊಡೆಯಿತು, ತಂಗಿಯ ಮದುವೆ ಗೊತ್ತಾಯಿತು, ಸುಪರ್‌ವೈಸರ್ ಎಲ್ಲರೆದುರು ಅವಾಚ್ಯ ಬೈದ, ಶಿಫ್ಟ್ ಬದಲಾಯಿತು. ಇಂಥದೊಂದು ದಿನ ಬರುವ ತನಕ ಆ ಮನುಷ್ಯನಿಗೆ ಕೆಲಸ ಬಿಡುವ ವಿಚಾರವೇ ಇರುವುದಿಲ್ಲ.

ಹಳ್ಳಿಯಿಂದ ಓಡಾಡುವವರಿಗೆ ಶಿಫ್ಟ್ ಬದಲಾವಣೆ ಚಿಕ್ಕ ಮಾತಲ್ಲ. ಎರಡನೇ ಶಿಫ್ಟ್ ಮುಗಿಯುವ ಹೊತ್ತಿಗೆ ಊರಿನ ವಸ್ತಿ ಬಸ್ಸು ಹೋಗಿಬಿಟ್ಟಿದ್ದರೆ ಪಗಾರ ಸಾವಿರ ಏರಿಸಿದರೂ ಉಪಯೋಗವಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಅವರ ಬಸ್ ಖರ್ಚು ಉಳಿಯಿತು, ಅಂದರೆ ಏರಿಕೆ ಇಲ್ಲದೆಯೇ ಕೈಗೆ ಉಳಿಯುವ ಪಗಾರ ಹೆಚ್ಚಿತು. ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ರಾತ್ರಿ ಒಂಬತ್ತಕ್ಕೆ ಬಸ್ಸು ಬರುವುದಿಲ್ಲವಲ್ಲ. ಅಂಥ ಕಡೆ ಕಂಪನಿ ಒಂದು ಗಾಡಿ ಬಿಟ್ಟರೆ ಬೋನಸ್‌ಗಿಂತ ಹೆಚ್ಚು ಜನರನ್ನು ಅದು ಹಿಡಿದಿಡುತ್ತದೆ.

ನಂಬಿಕೆ 3: "ಹೊಲ ಐತಲ್ಲ, ನೌಕರಿ ಬಿಟ್ರ ಏನಾತು?"

ಸತ್ಯ: ಕೇಂದ್ರ ಸರ್ಕಾರದ ಮಾದರಿ ಸಮೀಕ್ಷೆಯೊಂದು 2018-19ರಲ್ಲಿ ದೇಶದ ರೈತ ಕುಟುಂಬಗಳ ಆದಾಯ ಲೆಕ್ಕ ಹಾಕಿತ್ತು. ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798. ಕೂಲಿ ಮತ್ತು ಸಂಬಳದಿಂದ ಬಂದದ್ದು 4,063. ರೈತರೆಂದು ಕರೆಸಿಕೊಳ್ಳುವ ಮನೆಗಳಲ್ಲೂ ಫಸಲಿಗಿಂತ ಪಗಾರದ ಪಾಲು ದೊಡ್ಡದು. ಎರಿ ಹೊಲದ ನಮ್ಮ ಎಷ್ಟೋ ಮನೆಗಳಲ್ಲಿ ಬೀಜ, ಗೊಬ್ಬರ, ಸೊಸೈಟಿ ಸಾಲದ ಕಂತು ಹೊರಡುವುದು ಮಗನ ಪಗಾರದಿಂದ. ಹೊಲ ನೌಕರಿಗೆ ಆಸರೆ ಎಂದುಕೊಂಡವರು, ನೌಕರಿಯೇ ಹೊಲಕ್ಕೆ ಆಸರೆಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಮಳೆಯ ಮಾತೂ ಇದೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಅಂಥ ವರ್ಷ ನೌಕರಿ ಬಿಟ್ಟು ಊರಿಗೆ ಬಂದವನಿಗೆ ಹೊಲವೂ ಇಲ್ಲ, ಪಗಾರವೂ ಇಲ್ಲ. ಒಕ್ಕಲುತನಕ್ಕೆ ಮರಳುವುದು ಮೂರ್ಖತನವೆಂದು ಇದರರ್ಥವಲ್ಲ. ನೀರಿನ ಖಾತ್ರಿ ಇದ್ದರೆ, ಹೈನುಗಾರಿಕೆಯಂಥ ಇನ್ನೊಂದು ಆದಾಯ ಜೊತೆಗಿದ್ದರೆ ಅದು ಒಳ್ಳೆಯ ತೀರ್ಮಾನವೇ. ನೌಕರಿಯಲ್ಲಿದ್ದುಕೊಂಡೇ ಒಂದು ಮುಂಗಾರಿ, ಒಂದು ಹಿಂಗಾರಿಯ ಖರ್ಚು-ಆದಾಯ ಬರೆದಿಟ್ಟು ನೋಡಿ, ಆಮೇಲೆ ಬಿಡುವುದು ಜಾಣತನ.

ನಂಬಿಕೆ 4: "ನೌಕರಿ ಬಿಟ್ಟು ಕುಂತು ಓದಿದ್ರನ ಸರಕಾರಿ ನೌಕರಿ ಸಿಗೂದು."

ಸತ್ಯ: ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ರೂಮ್ ಮಾಡಿ ಓದುತ್ತಿರುವವರಲ್ಲಿ ಇದ್ದ ಕೆಲಸ ಬಿಟ್ಟು ಬಂದವರೂ ಇದ್ದಾರೆ. ಓದು ಅವರ ಕೈಯಲ್ಲಿದೆ, ಪರೀಕ್ಷೆಯ ದಿನಾಂಕ ಅವರ ಕೈಯಲ್ಲಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಲಿಖಿತ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವಿನ ಎರಡು ವರ್ಷಕ್ಕೂ ಹೆಚ್ಚು ಕಾಲದ ರೂಮ್ ಬಾಡಿಗೆ, ಮೆಸ್ ಬಿಲ್ಲು ಕಟ್ಟಿದ್ದು ಯಾರು? ಊರಲ್ಲಿದ್ದ ಅಪ್ಪ-ಅವ್ವ. ಅದೇ 2024ರ ಅಕ್ಟೋಬರ್‌ನಲ್ಲಿ, ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ರಾಜ್ಯ ಸಚಿವ ಸಂಪುಟ ನಿರ್ಧರಿಸಿತು. ಕಾಯುವವರ ವಯಸ್ಸು ಮಾತ್ರ ನಿಲ್ಲಲಿಲ್ಲ.

ಯುವನಿಧಿ ಇದೆಯಲ್ಲ ಎನ್ನುವವರಿಗೂ ಒಂದು ಮಾತು. ಪದವಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಅದೂ ಹೆಚ್ಚೆಂದರೆ ಎರಡು ವರ್ಷ. ಇದ್ದ ನೌಕರಿ ಬಿಟ್ಟವರ ಆಸರೆಗೆಂದು ಮಾಡಿದ ಯೋಜನೆ ಅದಲ್ಲ. ಹಾಗಾಗಿ ಕೆಲಸದಲ್ಲಿದ್ದೇ ತಯಾರಿ ಶುರು ಮಾಡಿ, ಪರೀಕ್ಷೆಯ ದಿನ ಪ್ರಕಟವಾದ ಮೇಲೆ ಕೊನೆಯ ಎರಡು-ಮೂರು ತಿಂಗಳು ರಜೆಯನ್ನೋ ಬಿಡುಗಡೆಯನ್ನೋ ಪಡೆಯುವುದು ಕಡಿಮೆ ಅಪಾಯದ ದಾರಿ. ಪೂರ್ತಿ ಬಿಟ್ಟೇ ಓದುವವರು ಎಷ್ಟು ತಿಂಗಳು, ಎಷ್ಟು ಪರೀಕ್ಷೆ ಎಂಬ ಗಡುವನ್ನು ಮನೆಯವರೆದುರು ಮೊದಲೇ ಹೇಳಿಬಿಡಬೇಕು.

ನಂಬಿಕೆ 5: "ನಾವಾಗೇ ಬಿಟ್ರ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಬಾಕಿ ಪಗಾರನೂ ಇಲ್ಲ."

ಸತ್ಯ: ಮೂರೂ ತಪ್ಪು. ಈ ತಪ್ಪು ತಿಳಿವಳಿಕೆಯಿಂದಲೇ ಜನ ತಮ್ಮ ದುಡ್ಡು ಬಿಟ್ಟು ಬರುತ್ತಾರೆ.

ಮೊದಲು ಬಾಕಿ ಪಗಾರ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ತೆಗೆದುಹಾಕಿದರೂ ಸರಿ, ತಾನೇ ರಾಜೀನಾಮೆ ಕೊಟ್ಟರೂ ಸರಿ, ದುಡಿದ ದಿನಗಳ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಕಾಂಟ್ರ್ಯಾಕ್ಟರ್ ಕೈ ಎತ್ತಿದರೆ ವೇತನದ ಹೊಣೆ ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯದು.

ಗ್ರಾಚ್ಯುಟಿ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಅನ್ವಯಿಸುತ್ತದೆ. ಐದು ವರ್ಷ ಸತತ ಸೇವೆ ಮುಗಿಸಿದವರು ತಾವಾಗಿಯೇ ಬಿಟ್ಟರೂ ಅದಕ್ಕೆ ಹಕ್ಕುದಾರರು. ಲೆಕ್ಕ ಸರಳ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 13,000 ರೂಪಾಯಿ ವೇತನದವನಿಗೆ ವರ್ಷಕ್ಕೆ 7,500, ಐದು ವರ್ಷಕ್ಕೆ 37,500. ನಾಲ್ಕು ವರ್ಷ ದಾಟಿ ಸಿಟ್ಟಿನ ಭರದಲ್ಲಿ ಚೀಟಿ ಬರೆದುಕೊಟ್ಟವನು ಕಳೆದುಕೊಳ್ಳುವುದು ಇಷ್ಟು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಇಂತಿಷ್ಟು ಅವಧಿಗೆಂದು ಕಂಪನಿಯೇ ನೇರವಾಗಿ ನೇಮಿಸಿಕೊಂಡವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಇದೆ. ಹಾಗಾಗಿ ನೇಮಕಾತಿ ಪತ್ರದಲ್ಲಿ ಏನು ಬರೆದಿದೆ ಎಂದು ನೋಡದೆ ಬಿಡಬೇಡಿ.

ಪಿಎಫ್ ನಿಮ್ಮದೇ ದುಡ್ಡು. ಕಂಪನಿ ಬದಲಾದರೂ ಯುಎಎನ್ ನಂಬರ್ ಒಂದೇ. ಬಹಳ ಜನ ಕೆಲಸ ಬಿಟ್ಟ ಮೇಲೆ ಎಲ್ಲವನ್ನೂ ತೆಗೆದುಕೊಂಡುಬಿಡುತ್ತಾರೆ. ಪಿಎಫ್ ಜೊತೆಗಿನ ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ಒಂದೇ ಕಂಪನಿಯದಾಗಬೇಕಿಲ್ಲ, ಬೇರೆ ಬೇರೆ ಕಡೆಯದೂ ಕೂಡುತ್ತದೆ. ಆದರೆ ಪಿಂಚಣಿ ಪಾಲನ್ನೂ ತೆಗೆದರೆ ಆ ವರ್ಷಗಳು ಲೆಕ್ಕದಿಂದ ಅಳಿದು ಹೋಗುತ್ತವೆ. ಕಂಪನಿ ನಿಮ್ಮ ಕೆಲಸ ಬಿಟ್ಟ ದಿನಾಂಕ ನಮೂದಿಸದಿದ್ದರೆ, ಕೊನೆಯ ಕಂತು ಜಮಾ ಆಗಿ ಎರಡು ತಿಂಗಳ ಮೇಲೆ ನೀವೇ ಪಿಎಫ್ ಪೋರ್ಟಲ್‌ನಲ್ಲಿ ನಮೂದಿಸಬಹುದು.

ನಂಬಿಕೆ 6: "ಬಾಂಡ್ ಬರದುಕೊಟ್ಟೀವಿ, ಬಿಡಾಕ ಬರಂಗಿಲ್ಲ." ಅಥವಾ: "ಬಾಂಡ್ ಅಂದ್ರ ಬರೇ ಹಾಳಿ, ಕೋರ್ಟಿನಾಗ ನಿಲ್ಲಂಗಿಲ್ಲ."

ಸತ್ಯ: ಎರಡೂ ಅರ್ಧಸತ್ಯ. ಮನಸ್ಸಿಲ್ಲದವನನ್ನು ಬಲವಂತವಾಗಿ ಕೆಲಸಕ್ಕೆ ಹಚ್ಚಲು ಯಾವ ಬಾಂಡಿಗೂ ಶಕ್ತಿಯಿಲ್ಲ. ಆದರೆ ಅವಧಿಗೆ ಮೊದಲು ಬಿಟ್ಟರೆ ಇಷ್ಟು ಹಣ ಕಟ್ಟಬೇಕೆಂಬ ಕರಾರು ನಿಲ್ಲಬಹುದು. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ಮುಗಿಯುವ ಮೊದಲೇ 2009ರಲ್ಲಿ ರಾಜೀನಾಮೆ ಕೊಟ್ಟು, ಕರಾರಿನಂತೆ 2 ಲಕ್ಷ ರೂಪಾಯಿ ಕಟ್ಟಿ, ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟ್ 2025ರ ಮೇ 14ರಂದು ಅದನ್ನು ತಳ್ಳಿಹಾಕಿ ಬ್ಯಾಂಕಿನ ಕರಾರನ್ನು ಎತ್ತಿಹಿಡಿಯಿತು. ಬಿಟ್ಟ ಮೇಲೆ ಬೇರೆಲ್ಲೂ ದುಡಿಯಬಾರದೆಂಬ ಷರತ್ತಿನ ಮಾತು ಬೇರೆ. 1872ರ ಕರಾರು ಕಾಯ್ದೆಯ 27ನೇ ಕಲಂ ಅದಕ್ಕೆ ಅಡ್ಡ ನಿಲ್ಲುತ್ತದೆ. ಇನ್ನು, ಮುಂಗಡ ಕೊಟ್ಟೆನೆಂದು ಆಳನ್ನು ಬೇರೆಡೆ ಹೋಗಗೊಡದೆ ಹಿಡಿದಿಡುವುದು ಜೀತ. ಅದನ್ನು 1976ರಲ್ಲೇ ಕಾನೂನು ರದ್ದು ಮಾಡಿದೆ.

ನಂಬಿಕೆ 7: "ಧೈರ್ಯ ಮಾಡಿ ನೌಕರಿ ಬಿಟ್ಟಾವ್ರ ಮುಂದ ಬಂದಾರ."

ಸತ್ಯ: ಇದಕ್ಕೆ ಇನ್ಫೋಸಿಸ್‌ನ ಉದಾಹರಣೆ ಕೊಡುವುದು ವಾಡಿಕೆ. 1981ರಲ್ಲಿ ನಾರಾಯಣ ಮೂರ್ತಿಯವರು ನೌಕರಿ ಬಿಟ್ಟು ಅದನ್ನು ಶುರು ಮಾಡಿದಾಗ ಮನೆ ನಡೆಯಲು ಸುಧಾ ಮೂರ್ತಿಯವರ ಸಂಬಳವಿತ್ತು; ಕಂಪನಿಗೆ ಅವರು ಕೂಡಿಟ್ಟಿದ್ದ 10,000 ರೂಪಾಯಿಯೂ ಇತ್ತು. ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ ಹೆಣ್ಣುಮಗಳ ಪಗಾರ ಆ ಧೈರ್ಯದ ಬೆನ್ನಿಗಿತ್ತು. ಅಮೆರಿಕದ ಇಬ್ಬರು ಸಂಶೋಧಕರ 2014ರ ಅಧ್ಯಯನವೂ ಇದೇ ದಿಕ್ಕಿನದು: ನೌಕರಿಯಲ್ಲಿದ್ದೇ ಉದ್ಯಮ ಶುರು ಮಾಡಿ ಆಮೇಲೆ ಪೂರ್ತಿ ಇಳಿದವರ ಉದ್ಯಮ ಮುಚ್ಚುವ ಸಂಭವ, ಮೊದಲೇ ನೌಕರಿ ಬಿಟ್ಟು ಇಳಿದವರಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ.

ಹಾಗಾದರೆ ಬಿಡಬೇಕೋ ಬೇಡವೋ?

ಜೀವಕ್ಕೆ ಅಪಾಯವಿರುವ, ಮರ್ಯಾದೆ ಕಳೆಯುವ, ತಿಂಗಳುಗಟ್ಟಲೆ ಪಗಾರ ಕೊಡದ ಕೆಲಸ ಬಿಡಲು ಲೆಕ್ಕ ಬೇಕಿಲ್ಲ. ಉಳಿದಂತೆ ನಾಲ್ಕು ಅಂಕಿ ಹಾಳೆಯ ಮೇಲೆ ಬರೆಯಿರಿ: ಹೊಸ ಕೆಲಸದಲ್ಲಿ ರೂಮ್, ಊಟ, ಬಸ್ಸಿನ ಖರ್ಚು ಕಳೆದು ಕೈಗೆ ಉಳಿಯುವುದೆಷ್ಟು, ಗ್ರಾಚ್ಯುಟಿಗೆ ಇನ್ನೆಷ್ಟು ದಿನ, ಪಗಾರವಿಲ್ಲದೆ ಮನೆ ಎಷ್ಟು ತಿಂಗಳು ನಡೆದೀತು, ತಿಂಗಳ ಸಾಲದ ಕಂತು ಎಷ್ಟು. ಬೆಂಗಳೂರಿನಲ್ಲಿ ಐದು ಸಾವಿರ ಹೆಚ್ಚು ಸಿಗುತ್ತದೆಂದು ಹೋದವನಿಗೆ ರೂಮ್ ಮತ್ತು ಮೆಸ್ಸಿಗೇ ಎಂಟು ಸಾವಿರ ಹೋಗುವುದು ಈ ಹಾಳೆಯಲ್ಲಿ ಮೊದಲೇ ಕಾಣುತ್ತದೆ.

ಬಿಡುವುದೇ ಎಂದಾದರೆ ಹೇಳದೆ ಬಿಡಬೇಡಿ. ಡ್ಯೂಟಿಗೆ ಹೋಗುವುದನ್ನು ನಿಲ್ಲಿಸಿ ಫೋನ್ ಬಂದ್ ಮಾಡಿ ಕುಳಿತವರಿಗೆ ಬಿಡುಗಡೆ ಪತ್ರವೂ ಸಿಗುವುದಿಲ್ಲ, ಬಾಕಿ ಕೇಳಲು ಆಧಾರವೂ ಉಳಿಯುವುದಿಲ್ಲ. ಕನ್ನಡದಲ್ಲೇ ಎರಡು ಸಾಲಿನ ರಾಜೀನಾಮೆ ಬರೆದು, ನೇಮಕಾತಿ ಪತ್ರದಲ್ಲಿ ಹೇಳಿದಷ್ಟು ದಿನದ ನೋಟಿಸ್ ಕೊಟ್ಟು, ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಸಹಿ ಮಾಡಲು ಒಪ್ಪದಿದ್ದರೆ ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಬಾಕಿ ಕೊಡದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಲು ಕೈಯಲ್ಲಿರಬೇಕಾದದ್ದು ಆ ಪ್ರತಿ ಮತ್ತು ರಸೀದಿ.