ಹುಣ್ಣಿಮೆಯ ಉಬ್ಬರ, ಮಳೆ ಮತ್ತು ನಮ್ಮ ಮುಂಬಯಿ

ಮಳೆಗಾಲ ಶುರುವಾಯಿತೆಂದರೆ ಮುಂಬಯಿಯ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಈ ಸಲ ಇಷ್ಟು ದಿನ ನಾಲ್ಕೂವರೆ ಮೀಟರಿಗಿಂತ ಎತ್ತರದ ‘ಹೈಟೈಡ್’ ಇದೆ, ಎಚ್ಚರ! ವಾಟ್ಸ್ಯಾಪ್‌ನಲ್ಲಿ ಅದು ನಮ್ಮ ಕೈ ಸೇರುವ ಹೊತ್ತಿಗೆ ‘ನಾಲ್ಕೂವರೆ ಮೀಟರ್ ಎತ್ತರದ ಅಲೆಗಳು’ ಎಂದಾಗಿರುತ್ತದೆ. ಅಲೆ ಎಬ್ಬಿಸುವುದು ಗಾಳಿ. ಇದು ಅಲೆಯಲ್ಲ, ಕಡಲಿನ ನೀರಿನ ಮಟ್ಟವೇ ಏರುವ ಉಬ್ಬರ. ಅದರ ಹಿಂದಿರುವವರು ಚಂದ್ರ ಮತ್ತು ಸೂರ್ಯ.

ಚಂದ್ರ ನಮ್ಮಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿದ್ದಾನೆ. ಅವನಿಗೆ ಎದುರಾದ ಬದಿಯ ನೀರು ಭೂಮಿಯ ಕೇಂದ್ರಕ್ಕಿಂತ ಅವನಿಗೆ ಹತ್ತಿರ, ಹೆಚ್ಚು ಸೆಳೆಯಲ್ಪಡುತ್ತದೆ. ಹಿಂಬದಿಯ ನೀರು ದೂರ. ಭೂಮಿಗಿಂತ ಕಡಿಮೆ ಸೆಳೆತಕ್ಕೆ ಸಿಕ್ಕಿ ಹಿಂದೆ ಉಳಿಯುತ್ತದೆ. ಹೀಗೆ ಎರಡೂ ಬದಿ ಉಬ್ಬು. ಅದಕ್ಕೇ ನಮ್ಮ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ.

ಸೂರ್ಯ ಚಂದ್ರನಿಗಿಂತ ಸುಮಾರು 2.7 ಕೋಟಿ ಪಟ್ಟು ಭಾರ. ಹಾಗಿದ್ದೂ ಉಬ್ಬರದಲ್ಲಿ ಅವನ ಪಾಲು ಚಂದ್ರನ ಅರ್ಧಕ್ಕಿಂತ ಕಡಿಮೆ. ಇಲ್ಲಿ ಮುಖ್ಯವಾದದ್ದು ಒಟ್ಟು ಸೆಳೆತವಲ್ಲ, ಈ ಬದಿಗೂ ಆ ಬದಿಗೂ ಇರುವ ಸೆಳೆತದ ವ್ಯತ್ಯಾಸ. ದೂರ ಎರಡು ಪಟ್ಟಾದರೆ ಆ ವ್ಯತ್ಯಾಸ ಎಂಟನೇ ಒಂದಕ್ಕೆ ಇಳಿಯುತ್ತದೆ. ಸೂರ್ಯನಾದರೋ ಸುಮಾರು 390 ಪಟ್ಟು ದೂರ!

ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುತ್ತವೆ. ಇಬ್ಬರ ಬಲವೂ ಕೂಡಿ ದೊಡ್ಡ ಉಬ್ಬರ ಬರುತ್ತದೆ. ಅದು ಜೋರಾಗುವುದು ಒಂದೆರಡು ದಿನ ಕಳೆದು. ಅಷ್ಟಮಿಯ ಸುಮಾರಿಗೆ ಇಬ್ಬರೂ ಅಡ್ಡಡ್ಡ ಎಳೆಯುವುದರಿಂದ ಉಬ್ಬರ ಸಣ್ಣದು.

ಚಂದ್ರ ದಿನದಿನವೂ ಮುಂದೆ ಸರಿಯುವುದರಿಂದ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಕೊಂಕಣ ತೀರದವರಿಗೆ ಇದಕ್ಕೊಂದು ಬಾಯಿಲೆಕ್ಕವಿದೆ: ತಿಥಿಯ ಮುಕ್ಕಾಲು ಪಾಲೇ ಉಬ್ಬರದ ಗಂಟೆ. ಅಷ್ಟಮಿಗೆ ಎಂಟರ ಮುಕ್ಕಾಲು, ಅಂದರೆ ಆರು ಗಂಟೆ. ಹುಣ್ಣಿಮೆಗೆ ಹನ್ನೊಂದೂಕಾಲು. ಒಂದು ತಾಸು ಅತ್ತಿತ್ತ ಆದೀತು, ಆದರೆ ಗೋಡೆಯ ಪಂಚಾಂಗದಲ್ಲೇ ಕಡಲಿನ ಸಮಯ ಸಿಕ್ಕಿತಲ್ಲ!

ಎಲ್ಲ ತೀರಕ್ಕೂ ಒಂದೇ ಅಳತೆಯಲ್ಲ. ಚೆನ್ನೈಯಲ್ಲಿ ಏರಿಳಿತ ಸುಮಾರು ಒಂದು ಮೀಟರ್. ನಮ್ಮ ಮಂಗಳೂರಿನಲ್ಲೂ ಹೆಚ್ಚೇನಿಲ್ಲ. ಮುಂಬಯಿಯಲ್ಲಿ ದೊಡ್ಡ ಉಬ್ಬರದ ದಿನ ನಾಲ್ಕು ಮೀಟರ್ ದಾಟುತ್ತದೆ. ಹಾಜಿ ಅಲಿ ದರ್ಗಾದ ದಾರಿ ನೀರಿನಡಿ ಹೋಗುವುದನ್ನು ನೋಡದವರಾರು? ಇನ್ನೂ ಉತ್ತರಕ್ಕೆ, ಕೊಳವೆಬಾಯಿಯಂತೆ ಕಿರಿದಾಗುತ್ತ ಹೋಗುವ ಖಂಭಾತ್ ಕೊಲ್ಲಿಯಲ್ಲಿ ಅದೇ ನೀರು ಒತ್ತಿ ಹತ್ತು ಮೀಟರಿನಷ್ಟು ಏರುತ್ತದೆ.

ಉಬ್ಬರವೊಂದೇ ಬಂದರೆ ಭಯವಿಲ್ಲ, ಅದು ನಿತ್ಯದ್ದು. ತೊಂದರೆ ಇರುವುದು ಮಳೆ ಜೊತೆಗೂಡಿದಾಗ. ಮುಂಬಯಿಯ ಮಳೆನೀರಿನ ಚರಂಡಿಗಳಲ್ಲಿ ಹೆಚ್ಚಿನವುಗಳ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಕಡಲು ಏರಿದಾಗ ಊರಿನ ನೀರು ಹೊರಹೋಗುವುದಿಲ್ಲ. ಬಾಗಿಲು ಮುಚ್ಚದಿದ್ದರೆ ಕಡಲೇ ಒಳಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅದೇ ಮಧ್ಯಾಹ್ನ 4.48 ಮೀಟರ್ ಉಬ್ಬರ. ಸೊಂಟಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದವರು, ಆಫೀಸಿನಲ್ಲೇ ರಾತ್ರಿ ಕಳೆದವರು ನಮ್ಮಲ್ಲಿ ಎಷ್ಟೋ ಮಂದಿ. ಮನೆ ಸೇರದವರೂ ಇದ್ದರು. ಆಮೇಲೆ ಹಾಜಿ ಅಲಿ, ಇರ್ಲಾ ಮುಂತಾದೆಡೆ ನೀರನ್ನು ಕಡಲಿಗೆ ಎತ್ತಿಹಾಕುವ ಪಂಪಿಂಗ್ ಸ್ಟೇಷನ್‌ಗಳು ಬಂದವು. ಆದರೂ ತಗ್ಗಿನ ಜಾಗಗಳಲ್ಲಿ ಇಂದಿಗೂ ಆ ಎರಡು ಮೂರು ತಾಸು ಕಷ್ಟವೇ.

ಮಳೆ ಎಷ್ಟು ಬರುತ್ತದೆಂದು ಖಚಿತವಾಗಿ ಹೇಳುವುದು ಕಷ್ಟ. ಉಬ್ಬರ ಹಾಗಲ್ಲ, ಅದರ ವೇಳಾಪಟ್ಟಿ ಒಂದು ವರ್ಷ ಮೊದಲೇ ಸಿದ್ಧವಾಗಿರುತ್ತದೆ. ಇನ್ನು ಮೇಲೆ ಜುಲೈ ತಿಂಗಳ ಜಡಿಮಳೆಯ ದಿನ ಮಕ್ಕಳನ್ನು ಶಾಲೆಗೆ ಕಳಿಸುವ ಮುನ್ನ ತಿಥಿಯನ್ನೂ ಒಮ್ಮೆ ನೋಡಿ. ಅಮಾವಾಸ್ಯೆಯೋ ಹುಣ್ಣಿಮೆಯೋ ಹತ್ತಿರವಿದ್ದರೆ ನಡುಮಧ್ಯಾಹ್ನದ ಲೋಕಲ್ ಟ್ರೈನನ್ನು ನೆಚ್ಚಿಕೊಳ್ಳಬೇಡಿ.