ಆಟದ ಯಂತ್ರವೂ ಕಂಪ್ಯೂಟರಿನ ಲೆಕ್ಕಕ್ಕೆ ಬರುವುದೇ?

ಜನಗಣತಿಯವರು ಮನೆಗೆ ಬಂದು "ಕಂಪ್ಯೂಟರ್ ಇದೆಯೇ?" ಎಂದು ಕೇಳಿದರೆ ಮಗನ ಕೈಯಲ್ಲಿರುವ ಆಟದ ಯಂತ್ರವನ್ನು ನೀವು ತೋರಿಸುವಿರಾ? ಖಂಡಿತ ಇಲ್ಲ. ಆದರೆ ಕಂಪ್ಯೂಟರ್ ಬಲ್ಲವರ ನಡುವೆ ಈಗ ಇಂಥದೇ ಒಂದು ಚರ್ಚೆ ನಡೆಯುತ್ತಿದೆ.

ಕಂಪ್ಯೂಟರನ್ನು ನಡೆಸಲು ಒಂದು ಮೂಲ ತಂತ್ರಾಂಶ ಬೇಕು. ಹೆಚ್ಚಿನ ಮನೆಗಳಲ್ಲಿರುವುದು ವಿಂಡೋಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇನ್ನೊಂದು. ಇದನ್ನು ಹಣ ಕೊಡದೆಯೇ ಪಡೆಯಬಹುದು. ಆದರೂ ಬಹುಕಾಲ ಮನೆಯ ಕಂಪ್ಯೂಟರುಗಳಲ್ಲಿ ಅದರ ಪಾಲು ತೀರಾ ಕಡಿಮೆಯಿತ್ತು.

2022ರ ಫೆಬ್ರವರಿಯಲ್ಲಿ ಅಮೆರಿಕದ ವಾಲ್ವ್ ಕಂಪೆನಿ 'ಸ್ಟೀಮ್ ಡೆಕ್' ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಏಳು ಇಂಚಿನ ಪರದೆ, ಎರಡೂ ಬದಿಗಳಲ್ಲಿ ಗುಂಡಿಗಳು, ಒಳಗೆ ಲಿನಕ್ಸ್. ಈ ಕಂಪೆನಿ ತನ್ನ ಗ್ರಾಹಕರಾದ ಆಟಗಾರರ ಸಮೀಕ್ಷೆಯನ್ನು ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಅದರಲ್ಲಿ 2021ರಲ್ಲಿ ಶೇ. 1ರ ಆಸುಪಾಸಿನಲ್ಲಿದ್ದ ಲಿನಕ್ಸ್ 2025ರ ಅಕ್ಟೋಬರ್‌ನಲ್ಲಿ ಶೇ. 3ನ್ನು ದಾಟಿತು. ಈ ಏರಿಕೆಯಲ್ಲಿ ಸ್ಟೀಮ್ ಡೆಕ್‌ನ ಪಾಲು ದೊಡ್ಡದು.

ಇದನ್ನು ಎಣಿಸಬೇಕು ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಈ ಯಂತ್ರದಲ್ಲಿ ಆಟವನ್ನು ಬದಿಗಿಟ್ಟು ಡೆಸ್ಕ್‌ಟಾಪ್ ತೆರೆಯಬಹುದು. ಕೀಬೋರ್ಡ್, ಮೌಸ್, ದೊಡ್ಡ ಪರದೆ ಜೋಡಿಸಿದರೆ ಪತ್ರ ಬರೆಯಬಹುದು, ಇಂಟರ್ನೆಟ್ ನೋಡಬಹುದು. ಇಷ್ಟೆಲ್ಲ ಮಾಡುವುದನ್ನು ಕಂಪ್ಯೂಟರ್ ಅಲ್ಲ ಎನ್ನುವುದು ಹೇಗೆ?

ಬೇಡ ಎನ್ನುವವರ ಮಾತಿನಲ್ಲೂ ತೂಕವಿದೆ. ಇದನ್ನು ಕೊಳ್ಳುವುದು ಮುಖ್ಯವಾಗಿ ಆಟಕ್ಕಾಗಿ. ನಿಮ್ಮ ಆಂಡ್ರಾಯ್ಡ್ ಮೊಬೈಲಿನ ತಿರುಳೂ ಲಿನಕ್ಸೇ. ಹಾಗೆಂದು ಅದನ್ನು ಯಾರೂ ಡೆಸ್ಕ್‌ಟಾಪ್ ಲೆಕ್ಕಕ್ಕೆ ಸೇರಿಸುವುದಿಲ್ಲವಲ್ಲ!

ಎಣಿಸುವ ಕ್ರಮವೂ ಒಂದೇ ಅಲ್ಲ. ಸ್ಟಾಟ್‌ಕೌಂಟರ್ ಎಂಬ ಸಂಸ್ಥೆ ಜಾಲತಾಣಗಳಿಗೆ ಬರುವ ಭೇಟಿಗಳನ್ನು ಎಣಿಸುತ್ತದೆ. ಅದರ ಪ್ರಕಾರ 2024ರ ಫೆಬ್ರವರಿಯಲ್ಲಿ ಡೆಸ್ಕ್‌ಟಾಪ್‌ಗಳಲ್ಲಿ ಲಿನಕ್ಸ್ ಶೇ. 4ನ್ನು ದಾಟಿತ್ತು. ಬರೀ ಆಟಕ್ಕೆ ಬಳಕೆಯಾಗುವ ಯಂತ್ರ ಈ ಲೆಕ್ಕಕ್ಕೆ ಸಿಗುವುದೇ ಕಷ್ಟ. ವಾಲ್ವ್‌ನ ಲೆಕ್ಕದಲ್ಲಾದರೋ ಆಟ ಆಡದವರು ಇಲ್ಲವೇ ಇಲ್ಲ.

ಇದರಿಂದ ನಮಗೇನು ಎನ್ನುವಿರಾ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಮಕ್ಕಳ ಓದಿಗೆಂದು ಕೊಂಡ ಹಳೆಯ ಕಂಪ್ಯೂಟರನ್ನು ಎಸೆಯಬೇಕೋ, ಲಿನಕ್ಸ್ ಹಾಕಬೇಕೋ ಎಂಬ ಪ್ರಶ್ನೆ ಅನೇಕ ಮನೆಗಳ ಮುಂದಿದೆ. ಆಗ "ಲಿನಕ್ಸ್ ಬಳಸುವವರು ಹೆಚ್ಚುತ್ತಿದ್ದಾರೆ" ಎಂಬ ಮಾತು ಧೈರ್ಯ ಕೊಡುತ್ತದೆ. ಆದರೆ ಆ ಹೆಚ್ಚಳದಲ್ಲಿ ಒಂದು ಭಾಗ ಆಟದ ಯಂತ್ರಗಳದ್ದಾದರೆ, ನಿಮ್ಮ ಪ್ರಿಂಟರ್ ನಡೆಯುವುದೇ, ಕನ್ನಡ ಟೈಪ್ ಮಾಡಲಾಗುವುದೇ ಎಂಬುದಕ್ಕೆ ಅದು ಉತ್ತರವಾಗದು.

ಆದ್ದರಿಂದ ಆಟದ ಯಂತ್ರಗಳನ್ನೂ ಎಣಿಸಲಿ, ಆದರೆ ಬೇರೆ ಸಾಲಿನಲ್ಲಿ ತೋರಿಸಲಿ. ಆಟ ತಯಾರಿಸುವವರಿಗೆ ಆ ಸಾಲು ಬೇಕು, ಮನೆ ನಡೆಸುವವರಿಗೆ ಇನ್ನೊಂದು ಸಾಲು ಬೇಕು.

ಸಹೋದರಿಯರೇ, ಯಾರಾದರೂ ಶೇಕಡಾವಾರು ಹೇಳಿದರೆ "ಯಾರನ್ನು ಎಣಿಸಿದಿರಿ?" ಎಂದು ಕೇಳಿರಿ. ಉಬುಂಟುವಿನಂಥ ಲಿನಕ್ಸನ್ನು ಕಂಪ್ಯೂಟರಿಗೆ ಹಾಕುವ ಮೊದಲೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡಬಹುದು. ನಿಮ್ಮ ಮನೆಯ ಕೆಲಸ ಅದರಲ್ಲಿ ಸಾಗಿದರೆ ಬೇರೆ ಯಾವ ಅಂಕಿಯೂ ಬೇಕಾಗದು.