ತಪ್ಪು ಯಾರದೋ, ದಂಡ ಜೇಬಿಗೆ!

ದಾವಣಗೆರೆ: ಸಂಜೆ ಹೊತ್ತಿನಲ್ಲಿ ಪಿ.ಬಿ. ರಸ್ತೆಯಲ್ಲಿ ಬಸ್ಸು ಇದ್ದಕ್ಕಿದ್ದಂತೆ ನಿಂತರೆ ಪ್ರಯಾಣಿಕರೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕುತ್ತಾರೆ. ಮುಂದೆ ಎರಡು ಕಾರು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಯಾರಿಗೂ ಗಾಯವಿಲ್ಲ. ಒಂದರ ಬಂಪರ್ ಸೀಳಿದೆ, ಇನ್ನೊಂದರ ಹಿಂಭಾಗ ಸೊಟ್ಟಗಾಗಿದೆ, ಅಷ್ಟೆ.

"ಏನ್ರೀ, ಹಂಗ್ ಬ್ರೇಕ್ ಹಾಕೋದಾ?"

"ನಾಯಿ ಅಡ್ಡ ಬಂತು, ಹಾಕ್ದೆ. ಹಿಂದಿಂದ ಬಂದು ಗುದ್ದಿ ನನ್ನೇ ಕೇಳ್ತೀರಾ?"

ಐದು ನಿಮಿಷದಲ್ಲಿ ಇಪ್ಪತ್ತು ಮಂದಿ ಜಡ್ಜ್‌ಗಳು ಸೇರುತ್ತಾರೆ. ಚಹದಂಗಡಿಯವರದೊಂದು ತೀರ್ಪು, ಆಟೋದವರದು ಇನ್ನೊಂದು. ಕಡೆಗೆ ಯಾರೋ ಹಿರಿಯರು "ಇನ್ಸೂರೆನ್ಸ್ ಐತಲ್ಲ, ಬಿಡ್ರೀ" ಎನ್ನುತ್ತಾರೆ. ಜಗಳ ಮುಗಿಯಿತು. ಅಸಲಿ ಗೋಳು ಶುರುವಾಗುವುದು ಮಾತ್ರ ಅಲ್ಲಿಂದಲೇ.

ಯಾವ ಇನ್ಸೂರೆನ್ಸ್ ಸ್ವಾಮಿ?

1988ರ ಮೋಟಾರು ವಾಹನ ಕಾಯಿದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಅದು. ನಿಮ್ಮ ಕಾರಿನ ಬಂಪರಿಗೆ ಅದರಿಂದ ಒಂದು ಪೈಸೆಯೂ ಹುಟ್ಟುವುದಿಲ್ಲ. ಸ್ವಂತ ಗಾಡಿಯ ರಿಪೇರಿಗೆ 'ಓನ್ ಡ್ಯಾಮೇಜ್' ವಿಮೆ ಬೇರೆ ಕಟ್ಟಿರಬೇಕು.

ಇಲ್ಲೇ ಅನೇಕರು ಮೋಸ ಹೋಗುವುದು. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷದ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಿಸುತ್ತಾರೆ. ಅದರ ಜೊತೆಗೆ ಕೊಡುವ ಓನ್ ಡ್ಯಾಮೇಜ್ ಬಹಳ ಸಲ ಒಂದೇ ವರ್ಷದ್ದು. "ಮೂರು ವರ್ಷದ್ದು ಕಟ್ಟೀನಿ" ಎಂದು ನೆಮ್ಮದಿಯಾಗಿದ್ದವರಿಗೆ ಎರಡನೇ ವರ್ಷ ಗುದ್ದಿಸಿಕೊಂಡಾಗಲೇ ಸಂಗತಿ ಗೊತ್ತಾಗುವುದು.

ತಪ್ಪಿನ ಪ್ರಶ್ನೆ ಎಲ್ಲಿ ಬರುತ್ತದೆ?

ಮುಂದಿನ ಗಾಡಿಯಿಂದ ಅಂತರ ಕಾಯ್ದುಕೊಳ್ಳಬೇಕೆಂಬುದು ರಸ್ತೆ ನಿಯಮ. ಆದ್ದರಿಂದ ಹಿಂದಿನಿಂದ ಗುದ್ದಿದವರ ಮೇಲೇ ಸಾಮಾನ್ಯವಾಗಿ ತಪ್ಪು ಬೀಳುತ್ತದೆ. ಆದರೆ ಮುಂದಿನ ಗಾಡಿಯ ಬ್ರೇಕ್ ಲೈಟು ಕೆಟ್ಟಿದ್ದರೆ, ಅಥವಾ ಅದು ರಿವರ್ಸ್ ಬರುತ್ತಿದ್ದರೆ ಮಾತು ಬೇರೆ. ತಪ್ಪನ್ನು ಇಬ್ಬರಿಗೂ ಹಂಚಬಹುದು.

ತಮಾಷೆ ಏನೆಂದರೆ, ನಿಮ್ಮದೇ ಕಂಪನಿಯಿಂದ ಓನ್ ಡ್ಯಾಮೇಜ್ ಕೇಳುವಾಗ ಈ ವಾದವೆಲ್ಲ ಬೇಕಾಗುವುದೇ ಇಲ್ಲ. ತಪ್ಪು ನಿಮ್ಮದೇ ಆದರೂ ಹಣ ಬರುತ್ತದೆ. ಲೈಸೆನ್ಸ್ ಸರಿ ಇರಬೇಕು, ಕುಡಿದಿರಬಾರದು. ಎದುರಿನವರ ವಿಮೆಯಿಂದ ಕೇಳುವುದಾದರೆ ಮಾತ್ರ ತಪ್ಪನ್ನು ಸಾಬೀತು ಮಾಡಬೇಕು. ಅದಕ್ಕೆ ಪೊಲೀಸ್ ದಾಖಲೆ, ಸಾಕ್ಷಿ, ಮೋಟಾರು ಅಪಘಾತ ನ್ಯಾಯಮಂಡಳಿ ಎಲ್ಲ ಬೇಕು. ಕಾರು ಅಂಗಡಿಗೆ ನುಗ್ಗಿ ಷಟರ್, ಗಾಜಿನ ಬೀರು ಪುಡಿಯಾದರೆ ಅಂಗಡಿಯವರಿಗೂ ಇದೇ ದಾರಿ. ಒಂದು ಬಂಪರಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು?

ಕ್ಲೇಮು ಗಿಟ್ಟುತ್ತದೆಯೇ?

ಲೆಕ್ಕ ನೋಡಿ. ಬಂಪರ್ 4,000, ಕೂಲಿ 2,000, ಒಟ್ಟು 6,000 ರೂಪಾಯಿ ಬಿಲ್ ಎಂದಿಟ್ಟುಕೊಳ್ಳಿ. ಪ್ಲಾಸ್ಟಿಕ್ ಸಾಮಾನಿಗೆ ಅರ್ಧದಷ್ಟು ಸವಕಳಿ ಹಿಡಿಯುತ್ತಾರೆ: 2,000 ಹೋಯಿತು. 1500 ಸಿ.ಸಿ.ವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಕೈಗೆ ಬರುವುದು 3,000.

ಇನ್ನು ನೋ ಕ್ಲೇಮ್ ಬೋನಸ್. ಕ್ಲೇಮು ಮಾಡದವರಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ವರ್ಷದಿಂದ ವರ್ಷಕ್ಕೆ ಶೇ. 20, 25, 35, 45, 50ರಂತೆ ರಿಯಾಯ್ತಿ. ಒಂದು ಕ್ಲೇಮು ಮಾಡಿದರೆ ಸಾಮಾನ್ಯವಾಗಿ ಸೊನ್ನೆ. ಮುಂದಿನ ವರ್ಷ ನಿಮಗೆ ಶೇ. 45 ಸಿಗಬೇಕಿತ್ತು, ಪ್ರೀಮಿಯಂ 8,000 ಎಂದರೆ 3,600 ರೂಪಾಯಿ ಕೈಬಿಟ್ಟಂತೆ. 3,000 ಪಡೆಯಲು 3,600 ಕಳೆದುಕೊಂಡ ವ್ಯಾಪಾರ! ಮಂಡಿಪೇಟೆಯ ಯಾವ ವರ್ತಕರೂ ಒಪ್ಪದ ಲೆಕ್ಕವಿದು. ಸವಕಳಿ ಹಿಡಿಯದ 'ಝೀರೋ ಡೆಪ್' ಪಾಲಿಸಿ ಇದ್ದರೆ, ಅಥವಾ ಬಿಲ್ ದೊಡ್ಡದಾದರೆ ಲೆಕ್ಕ ಬದಲಾಗುತ್ತದೆ. ಮೊದಲು ಗ್ಯಾರೇಜಿನಲ್ಲಿ ಅಂದಾಜು ಬರೆಸಿ, ಆಮೇಲೆ ಕ್ಲೇಮಿನ ಮಾತು.

ಗುದ್ದಿದ ಕೂಡಲೇ

ಗಾಡಿ ಸರಿಸುವ ಮುಂಚೆ ಎರಡೂ ನಂಬರು ಕಾಣುವಂತೆ ಫೋಟೋ ತೆಗೆಯಿರಿ. ಎದುರಿನವರ ಲೈಸೆನ್ಸು, ಪಾಲಿಸಿಯ ವಿವರ ಬರೆದುಕೊಳ್ಳಿ. ಬಸ್ಸಿನ ಕಿಟಕಿಯಿಂದ ನೋಡಿದವರೊಬ್ಬರ ಫೋನ್ ನಂಬರ್ ಸಿಕ್ಕರೆ ಹತ್ತು ಜನರ ಕೂಗಾಟಕ್ಕಿಂತ ಮೇಲು. ಕಂಪನಿಗೆ ತಡಮಾಡದೆ ತಿಳಿಸಿ. ಅವರ ಕಡೆಯವರು ನೋಡುವ ಮುಂಚೆ ರಿಪೇರಿಗೆ ಕೈ ಹಾಕಬೇಡಿ. ಲೈಸೆನ್ಸಿಲ್ಲದ ಮಗ ಓಡಿಸಿದ್ದರೆ ಅಪ್ಪನ ಹೆಸರು ಬರೆಸುವ ಜಾಣತನ ಬೇಡ. ಸಿಕ್ಕಿಬಿದ್ದರೆ ಕ್ಲೇಮೂ ಹೋಯಿತು, ವಂಚನೆಯ ಕೇಸು ಬೇರೆ.

ಅಲ್ಲೇ ರಾಜಿಯಾದರೆ ತಾರೀಕು, ಮೊತ್ತ ಬರೆದು ಇಬ್ಬರೂ ಸಹಿ ಹಾಕಿ. ಯಾರಿಗಾದರೂ ಪೆಟ್ಟಾಗಿದ್ದರೆ ಮಾತ್ರ ರಾಜಿ ಪಂಚಾಯ್ತಿ ಬೇಡ. ಮೊದಲು ಆಸ್ಪತ್ರೆ, ಕೂಡಲೇ ಪೊಲೀಸ್ ಠಾಣೆ.

ನಿಮ್ಮ ಕಂಪನಿಯೇ ಸತಾಯಿಸಿದರೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಫೀಸಿಲ್ಲ, ವಕೀಲರು ಬೇಕಿಲ್ಲ. ಒಂದು ವರ್ಷದೊಳಗೆ ಹೋಗಬೇಕು.

ಸದ್ಯಕ್ಕೆ ಒಂದು ಕೆಲಸ. ಇವತ್ತು ರಾತ್ರಿ ಅಂಗಡಿ ಬಾಗಿಲು ಹಾಕಿ ಮನೆಗೆ ಹೋದಮೇಲೆ ಬೀರುವಿನಲ್ಲಿರುವ ಪಾಲಿಸಿ ತೆಗೆದು, 'ಓನ್ ಡ್ಯಾಮೇಜ್' ಎಂಬುದರ ಮುಂದೆ ಯಾವ ತಾರೀಕಿದೆ ನೋಡಿ. ಮುಗಿದಿದ್ದರೆ ನಾಳೆ ಬೆಳಿಗ್ಗೆ ಕಾರು ಹೊರಡಿಸುವ ಮುಂಚೆ ಏಜೆಂಟರಿಗೆ ಫೋನ್ ಮಾಡಿ.